ತಾಮ್ರದ ಉಡದಾರ

ಅವರ ಬಲಗೈ ಹೆಬ್ಬೆರಳಿನ ತುದಿಯಲ್ಲಿ ಒಂದು ಕಾಲುವೆ ಇತ್ತು. ಗಾಯದ ಗುರುತಲ್ಲ, ಸವೆದು ಆದದ್ದು. ನಲವತ್ತು ವರ್ಷ ತಾಮ್ರದ ತಂತಿ ಅದೇ ಜಾಗದ ಮೇಲೆ ಜಾರಿ ಜಾರಿ ಚರ್ಮ ಗಟ್ಟಿಯಾಗಿ, ನಡುವೆ ಗೆರೆ ಬಿದ್ದು, ಬೆರಳಚ್ಚೇ ಅಳಿಸಿಹೋಗಿತ್ತು. ಕತ್ತಲಲ್ಲಿ ತಂತಿ ಕೊಟ್ಟರೂ ಆ ಗೆರೆಯಲ್ಲಿ ಒಮ್ಮೆ ಎಳೆದು ಅದು ಎಷ್ಟು ಗೇಜಿನ ದಪ್ಪದ್ದು ಎಂದು ಹೇಳುತ್ತಿದ್ದರು.

ಬೆಟಗೇರಿಯಲ್ಲಿ ಅವರದು ಮೋಟರ್ ವೈಂಡಿಂಗ್ ಅಂಗಡಿ. ಸುಟ್ಟ ಪಂಪ್‌ಸೆಟ್ಟು, ಮಗ್ಗದ ಮೋಟರು ಬಿಚ್ಚಿ, ಹಳೆಯ ತಂತಿ ತೆಗೆದು ಹೊಸದನ್ನು ಸುತ್ತುವ ಕೆಲಸ. ಊರಿಗೆಲ್ಲ ಅವರು ವೈಂಡಿಂಗ್ ಚಾಚಾ. ಅಂಗಡಿಯ ಹಿಂದಿನ ಹಿತ್ತಲಲ್ಲಿ ಅರವತ್ತು ಎಪ್ಪತ್ತು ಬೋನ್ಸಾಯ್ ಗಿಡಗಳಿದ್ದವು. ಹರೆಯದಲ್ಲಿ ಪುಣೆಯಲ್ಲಿ ವೈಂಡಿಂಗ್ ಕಲಿಯುತ್ತಿದ್ದಾಗ ಒಂದು ನರ್ಸರಿಯ ಪಂಪು ರಿಪೇರಿಗೆ ಹೋಗಿ, ಅಲ್ಲಿನ ಮಾಲಿ ಗಿಡದ ಟೊಂಗೆಯನ್ನು ಬೇಕಾದ ಆಕಾರಕ್ಕೆ ಬಗ್ಗಿಸಲು ತಂತಿ ಸುತ್ತುವುದನ್ನು ಕಂಡರಂತೆ. ಪಂಪು ಅರ್ಧ ದಿನದಲ್ಲಿ ಆಯಿತು, ಅವರು ನಾಲ್ಕು ದಿನ ಅಲ್ಲೇ ಉಳಿದರು. ಸುಟ್ಟ ಮೋಟರಿನ ತಂತಿಯನ್ನು ಕೆಂಡದಲ್ಲಿ ಕಾಯಿಸಿ ಮೆತ್ತಗೆ ಮಾಡಿ ಗಿಡಗಳಿಗೆ ಬಳಸುವುದು ಅವರೇ ಕಂಡುಕೊಂಡ ದಾರಿ.

ಗದಗ ಹೊಸ ಜಿಲ್ಲೆಯಾಗಿ ಕೆಲವು ವರ್ಷ ಕಳೆದಿದ್ದವು. ನಾನು ಒಂದು ಪತ್ರಿಕೆಯ ಜಿಲ್ಲಾ ಕಚೇರಿಯಲ್ಲಿ ವರದಿಗಾರನಾಗಿದ್ದೆ. ಶಿವರಾತ್ರಿ ಮುಗಿದ ವಾರ ಊರಿನ ತೋಟಪ್ರಿಯರ ಬಳಗವೊಂದು ಕಲ್ಯಾಣ ಮಂಟಪದಲ್ಲಿ ಎರಡು ದಿನದ ಬೋನ್ಸಾಯ್ ತರಬೇತಿ ಇಟ್ಟಿತ್ತು. ಆಮಂತ್ರಣ ಪತ್ರಿಕೆಯಲ್ಲಿ ಹದಿನಾಲ್ಕು ಹೆಸರುಗಳಿದ್ದವು. ಕಲಿಸುವ ಚಾಚಾ ಅವರ ಹೆಸರು ಇರಲಿಲ್ಲ. ಹೊರಗಿನಿಂದ ಬಂದ ತಜ್ಞರೊಬ್ಬರು ಒಂದು ತಾಸು ಜಪಾನಿನ ಬಗ್ಗೆ ಮಾತಾಡಿ ಊಟ ಮಾಡಿ ಹೋದರು. ಆಮೇಲೆ ಚಾಚಾ ತಗಡಿನ ಡಬ್ಬಿ ಹಿಡಿದು ಬಂದು ನೆಲದ ಮೇಲೆ ಕುಳಿತರು. ಮೂವತ್ತು ಜನ ಕುರ್ಚಿ ಬಿಟ್ಟು ಅವರ ಸುತ್ತ ಕುಳಿತೆವು. ಬರೆದುಕೊಳ್ಳಲು ಹೋದ ನನ್ನ ಕೈಗೂ ಒಂದು ಸಣ್ಣ ಗಿಡ ಬಂತು.

ತಂತಿಯನ್ನು ಓರೆಯಾಗಿ, ಬುಡದಿಂದ ತುದಿಗೆ, ಒಂದೇ ಅಂತರದಲ್ಲಿ ಸುತ್ತಬೇಕು. ಬಗ್ಗಿಸುವಾಗ ಎರಡೂ ಹೆಬ್ಬೆರಳು ಟೊಂಗೆಯ ಒಳಮಗ್ಗುಲಿಗೆ ಆನಿಸಿರಬೇಕು. ನಾನು ಬಿಗಿಯಾಗಿ ಸುತ್ತಿದ್ದೆ. ಚಾಚಾ ತಂತಿಯ ಕೆಳಗೆ ಉಗುರು ತೂರಿಸಲು ನೋಡಿದರು, ಹೋಗಲಿಲ್ಲ.

“ರಿಪೋರ್ಟರ್ ಸಾಹೇಬ್ರ, ಕೂಸಿನ ಟೊಂಕಕ್ಕ ಉಡದಾರ ಕಟ್ಟೂದು ನೋಡೀರಿಲ್ಲೊ? ಜಾರಬಾರದು, ಕಚ್ಚಬಾರದು. ಕೂಸು ಬೆಳೀತೈತಿ, ಉಡದಾರ ಬೆಳಿಯಂಗಿಲ್ಲ. ಇದು ನೆನಪಿದ್ದಾಂವ ಅಷ್ಟ ತಂತಿ ಮುಟ್ಟಬೇಕು.”

ಲಕ್ಷ್ಮೇಶ್ವರದಿಂದ ಬಂದಿದ್ದ ಒಬ್ಬ ಬಟ್ಟೆ ವ್ಯಾಪಾರಿಯ ಹೆಂಡತಿ, ಗಿಡಕ್ಕೆ ಇಷ್ಟು ಹಿಂಸೆ ಯಾಕೆ ಎಂದು ಕೇಳಿದರು. ಚಾಚಾ ತಲೆ ಎತ್ತದೆ, “ಬಾಯಾರ, ನೀವು ಮಗಳ ಜಡಿ ಹೆಣಿಯೂ ಮುಂದ ಆಕಿ ಸುಮ್ಮ ಕುಂಡ್ರತಾಳೇನು?” ಎಂದರು. ಎಲ್ಲರಿಗಿಂತ ಜೋರಾಗಿ ನಕ್ಕದ್ದು ಆ ಬಾಯಾರೇ.

ಚಾಚಾ ಅವರಿಗೆ ಸಿಟ್ಟು ಬಂದದ್ದು ಒಂದೇ ಸಲ. ಬ್ಯಾಂಕಿನವರೊಬ್ಬರು ತಪ್ಪಾಗಿ ಸುತ್ತಿದ ತಂತಿಯನ್ನು ಹಿಂದಕ್ಕೆ ಬಿಚ್ಚತೊಡಗಿದ್ದರು. ಚಾಚಾ ಆ ಬ್ಯಾಂಕಿನವರ ಮುಂಗೈ ಹಿಡಿದರು. “ಬಿಚ್ಚಬ್ಯಾಡ್ರಿ. ಕತ್ತರಸ್ರಿ. ಒಂದೊಂದು ಸುತ್ತೂ ಕತ್ತರಸ್ರಿ.” ಆಮೇಲೆ ತಾವು ತಂದಿದ್ದ ದೊಡ್ಡ ಗಿಡವನ್ನು ಮುಂದೆ ಎಳೆದುಕೊಂಡರು.

ಅದು ಬಸರಿ ಗಿಡ. ಮುಚ್ಚಿದ ಒಂದು ಅರಳೆ ಕಾರ್ಖಾನೆಯ ಸುಟ್ಟ ಮೋಟರು ಬಿಚ್ಚಲು ಹೋದಾಗ ಗೋಡೆಯ ಬಿರುಕಿನಲ್ಲಿ ಸಿಕ್ಕದ್ದು. ಇಪ್ಪತ್ತೆರಡು ವರ್ಷ ಬೆಳೆಸಿದ್ದರು. ಮೊಣಕಾಲೆತ್ತರ, ಆದರೆ ಕೆರೆಯ ದಂಡೆಯ ಹಳೆಯ ಮರದ ಹಾಗೆ ಬುಡ ಹರಡಿತ್ತು. ಎಡಕ್ಕೆ ಒಂದು ಒಣ ಮೋಟು. ವೈಂಡಿಂಗ್ ಅಂಗಡಿಯವನಿಗೆ ತಾಮ್ರ ಕತ್ತರಿಸಿ ಎಸೆಯುವುದೆಂದರೆ ಜೀವ ಹಿಂಡುವ ಕೆಲಸ. ಹಿಂದೊಮ್ಮೆ ಉಳಿಸಲೆಂದು ಬಿಚ್ಚಲು ಹೋಗಿ ಟೊಂಗೆ ಮುರಿದಿದ್ದರು. “ಇದು ನನ್ನ ಜುಗ್ಗತನ. ನೋಡಿ ಇಟ್ಟುಕೋರಿ” ಎಂದು ಆ ಮೋಟನ್ನು ಎಲ್ಲರಿಗೂ ಮುಟ್ಟಿಸಿದರು. ನಮ್ಮೆದುರೇ ಆ ಗಿಡದ ಉಳಿದ ಟೊಂಗೆಗಳಿಗೆ ಹೊಸದಾಗಿ ತಂತಿ ಸುತ್ತಿ ತೋರಿಸಿದರು. ಬಸರಿ ಜೋರಾಗಿ ಬೆಳೆಯುವ ಜಾತಿ, ರೋಹಿಣಿ ಮಳೆ ಬೀಳುವುದರೊಳಗೆ ತಂತಿ ತೆಗೆಯಲೇಬೇಕು ಎಂದರು.

ಎರಡನೆಯ ದಿನ ಮಧ್ಯಾಹ್ನ ನಾನು ಬೇರೆ ಸುದ್ದಿಗೆ ಶಿರಹಟ್ಟಿಗೆ ಹೋದೆ. ಸಮಾರೋಪ ನೋಡಲಿಲ್ಲ. ಸಂಜೆ ಬಳಗದಿಂದ ಪ್ರಕಟಣೆ ಬಂತು. ಅದರಲ್ಲಿದ್ದ ಒಂದು ವಾಕ್ಯವನ್ನು ಹಾಗೇ ಎತ್ತಿ ನನ್ನ ವರದಿಗೆ ಸೇರಿಸಿದೆ: “ಬಳಗದ ಅಧ್ಯಕ್ಷರು ತಾವೇ ಬೆಳೆಸಿದ ಬೋನ್ಸಾಯ್ ಗಿಡವನ್ನು ಮುಖ್ಯ ಅತಿಥಿಗಳಿಗೆ ನೆನಪಿನ ಕಾಣಿಕೆಯಾಗಿ ನೀಡಿದರು.” ಯಾವ ಗಿಡ ಎಂದು ನಾನು ಕೇಳಲಿಲ್ಲ. ಅಧ್ಯಕ್ಷರು ತರಬೇತಿಯಲ್ಲಿ ಒಂದು ಗಿಡವನ್ನೂ ಮುಟ್ಟಿರಲಿಲ್ಲ ಎಂಬುದನ್ನು ನಾನೇ ಕಂಡಿದ್ದೆ. ಆದರೂ ಬರೆದೆ.

ಮರುದಿನ ಚಾಚಾ ಪತ್ರಿಕೆ ಮಡಚಿ ಹಿಡಿದು ಕಚೇರಿಗೆ ಬಂದರು. ವೇದಿಕೆಯ ಅಂದಕ್ಕೆಂದು ಬಳಗದವರು ಅವರಿಂದ ಬಸರಿ ಗಿಡ ಕೇಳಿ ಪಡೆದಿದ್ದರು. ಕೊನೆಗೆ ಅಧ್ಯಕ್ಷರು ಅದನ್ನೇ ಎತ್ತಿ, ಮುಖ್ಯ ಅತಿಥಿಯಾಗಿದ್ದ, ಹೊಸ ಜಿಲ್ಲೆಗೆ ಆಗಷ್ಟೇ ವರ್ಗವಾಗಿ ಬಂದಿದ್ದ ಹಿರಿಯ ಅಧಿಕಾರಿಯ ಕೈಗೆ ಕೊಟ್ಟರು. ಚಾಚಾ ಪರದೆಯ ಪಕ್ಕದಲ್ಲಿ ನಿಂತಿದ್ದರು. ಚಪ್ಪಾಳೆ ಮುಗಿದ ಮೇಲೆ ಹೋಗಿ ಕೇಳಿದ್ದಕ್ಕೆ ಅಧ್ಯಕ್ಷರು, “ನಿಮ್ಮ ಕಡೆ ಇನ್ನೂ ಭಾಳ ಅದಾವಲ್ಲ ಚಾಚಾ, ಸಾಹೇಬ್ರ ಮುಂದ ನಮ್ಮ ಮಾನ ಕಳೀಬ್ಯಾಡ್ರಿ” ಎಂದರಂತೆ. ಬೆಳಿಗ್ಗೆ ಮತ್ತೆ ಹೋದಾಗ ಅಧ್ಯಕ್ಷರು ನನ್ನ ವರದಿಯನ್ನು ಮುಂದೆ ಹಿಡಿದು, ಪೇಪರಿನಲ್ಲೇ ಬಂದಿದೆಯಲ್ಲ ಎಂದರಂತೆ.

“ಪ್ರಕಟಣೆಯಲ್ಲಿ ಹಾಗೇ ಇತ್ತು ಚಾಚಾ,” ಎಂದೆ.

“ನೀವು ನನ್ನ ಮುಂದ ಕುಂತು ತಂತಿ ಸುತ್ತೀರಿ,” ಎಂದರು ಅವರು. “ಪ್ರಕಟಣಿ ಸುತ್ತಿರಲಿಲ್ಲ.”

ಅವತ್ತೇ ತಿದ್ದುಪಡಿ ಬರೆದು ಕೊಟ್ಟೆ. ದೊಡ್ಡವರ ಮುಜುಗರಕ್ಕೆ ಹೆದರಿ ನಮ್ಮ ಕಚೇರಿಯ ಮುಖ್ಯಸ್ಥರು ಅದನ್ನು ಹನ್ನೊಂದು ದಿನ ಇಟ್ಟುಕೊಂಡರು. ಹೆಸರು ಹಾಕಲು ಚಾಚಾ ಅವರನ್ನು ಕೇಳಿದೆ. ಬೇಡ ಎಂದರು. “ಮೊದಲನೇ ದಿನ ಹಾಕಬೇಕಿತ್ತರಿ. ಈಗ ಹಾಕಿದ್ರ ಅದು ತಕರಾರ ಮಾಡಿದಾವನ ಹೆಸರು ಆಕ್ಕೈತಿ.” ಹಾಗಾಗಿ, ಗಿಡ ಬೆಳೆಸಿದವರು ಬೇರೆಯವರು ಎಂಬ ಮೂರು ಸಾಲು, ಒಳಪುಟದ ಕೆಳಗೆ, ಟೆಂಡರ್ ಜಾಹೀರಾತಿನ ಪಕ್ಕದಲ್ಲಿ ಬಂತು. ಯಾರೂ ಓದಲಿಲ್ಲ.

ಗಿಡ ವಾಪಸು ಬೇಕೆಂದು ಅವರು ಹಟ ಹಿಡಿಯಲಿಲ್ಲ. ಬೇಕಾಗಿದ್ದುದು ಆ ಅಧಿಕಾರಿಯ ಬಂಗಲೆಯೊಳಗೆ ಅರ್ಧ ತಾಸು ಮಾತ್ರ. ರೋಹಿಣಿ ಮಳೆಗೆ ಮುಂಚೆ ಎರಡು ಸಲ ನನ್ನೊಂದಿಗೆ ಗೇಟಿಗೆ ಬಂದರು. ಎರಡೂ ಸಲ ತಂತಿ ಕತ್ತರಿಸುವ ಕಟರ್ ಜೇಬಿನಲ್ಲಿತ್ತು. ಕಾವಲಿನವರು ಯಾಕೆ ಬಂದಿರಿ ಎಂದರೆ ಒಂದೇ ಉತ್ತರ: “ಗಿಡ ಇಟ್ಟುಕೊಳ್ಳಲಿ. ತಂತಿ ನಂದೈತಿ. ತಂತಿ ಕೊಡ್ಲಿ.” ಮೊದಲ ಸಲ ಸಾಹೇಬರು ಮಲಗಿದ್ದಾರೆ ಎಂದರು. ಎರಡನೆಯ ಸಲ ಜೇಬಿನಲ್ಲಿದ್ದ ಕಟರ್ ನೋಡಿ ಅವರನ್ನು ಗೇಟಿನಿಂದ ದೂರ ನಿಲ್ಲಿಸಿದರು.

ಮಳೆ ಹಿಡಿದು ಒಂದೂವರೆ ತಿಂಗಳ ಮೇಲೆ ಆ ಬಂಗಲೆಯಲ್ಲಿ ಪತ್ರಕರ್ತರಿಗೆ ಚಹಾ ಕೂಟ ಇತ್ತು. ಮುಂಬಾಗಿಲ ಮೆಟ್ಟಿಲ ಮೇಲೆ ಗಿಡ ನೋಡಿದೆ. ಎಡಗಡೆಯ ಒಣ ಮೋಟಿನಿಂದ ಅದೇ ಎಂದು ಖಾತ್ರಿಯಾಯಿತು. ಟೊಂಗೆಗಳು ಉಬ್ಬಿ, ತೊಗಟೆ ತಂತಿಯನ್ನು ನುಂಗತೊಡಗಿತ್ತು. ಹೊರಗೆ ಕಾಣುವಷ್ಟು ತಂತಿ ಮಾತ್ರ ಆಗ ತಾನೇ ಅಂಗಡಿಯಿಂದ ತಂದಂತೆ ಹೊಳೆಯುತ್ತಿತ್ತು.

ಅಧಿಕಾರಿ ಸಂಭಾವಿತರು. ನಾನು ನೋಡುತ್ತಿದ್ದುದನ್ನು ಕಂಡು ಹತ್ತಿರ ಬಂದರು. “ಚೆನ್ನಾಗಿದೆ ಅಲ್ವಾ? ತಾಮ್ರದ ಅಲಂಕಾರ. ಕಪ್ಪಾಗಬಾರದು ಅಂತ ವಾರಕ್ಕೊಮ್ಮೆ ಹುಣಸೆಹಣ್ಣು ಹಾಕಿ ಉಜ್ಜಿಸ್ತೀವಿ.”

ಅದು ಅಲಂಕಾರವಲ್ಲ, ಕೂಡಲೇ ಕತ್ತರಿಸದಿದ್ದರೆ ಟೊಂಗೆ ಸಾಯುತ್ತದೆ, ಕತ್ತರಿಸಬಲ್ಲವರು ಬೆಟಗೇರಿಯಲ್ಲಿದ್ದಾರೆ, ಅದನ್ನು ಬೆಳೆಸಿದವರೇ ಅವರು ಎಂದೆ. ಅವರಿಗೆ ಅಚ್ಚರಿಯಾಯಿತು. “ಅಧ್ಯಕ್ಷರೇ ಬೆಳೆಸಿದ್ದು ಅಂತ ಪೇಪರಲ್ಲಿ ಓದಿದ್ದೆನಲ್ಲ. ಅವರನ್ನೇ ಕೇಳ್ತೀನಿ ಬಿಡಿ.” ಕೇಳಿದರೋ ಇಲ್ಲವೋ ತಿಳಿಯದು. ತಂತಿ ಕತ್ತರಿಸಲಿಲ್ಲ ಎಂಬುದು ಮಾತ್ರ ತಿಳಿದಿದೆ.

ಚಾಚಾ ಒಂದು ಮೋಟರಿನ ಸ್ಟೇಟರಿಗೆ ತಂತಿ ತುಂಬುತ್ತಿದ್ದಾಗ ಇದನ್ನು ಹೇಳಿದೆ. ಕೈ ನಿಂತಿತು. “ಹುಣಸಿಹಣ್ಣ?” ಎಂದರು. ಸ್ವಲ್ಪ ಹೊತ್ತಿನ ಮೇಲೆ ಸುತ್ತಿನ ಎಣಿಕೆ ತಪ್ಪಿತೆಂದು, ಸುತ್ತಿದ್ದನ್ನೆಲ್ಲ ಕತ್ತರಿಸಿ ಹಾಕಿ ಮೊದಲಿನಿಂದ ಶುರು ಮಾಡಿದರು. ಅವರ ಎಣಿಕೆ ತಪ್ಪಿದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ದೀಪಾವಳಿಯ ಹೊತ್ತಿಗೆ ಅಧಿಕಾರಿಗೆ ವರ್ಗವಾಯಿತು. ಸಾಮಾನೆಲ್ಲ ಲಾರಿ ಹತ್ತಿದವು, ಗಿಡ ಮೆಟ್ಟಿಲ ಮೇಲೇ ಉಳಿಯಿತು. ಬಂಗಲೆಯ ಮಾಲಿ ಹೇಳಿಕಳಿಸಿದ. ಚಾಚಾ ಅದನ್ನು ಸೈಕಲ್ ಕ್ಯಾರಿಯರಿಗೆ ಕಟ್ಟಿ ತಂದರು. ಮೇಲಿನ ಮೂರು ಟೊಂಗೆ ಒಣಗಿದ್ದವು. ಹಿತ್ತಲಲ್ಲಿ ಕುಳಿತು ಒಂದೊಂದೇ ಸುತ್ತು ಕತ್ತರಿಸಿದರು. ಒಣಗಿದ ಟೊಂಗೆಗಳ ತಂತಿಯನ್ನೂ ಬಿಚ್ಚಲಿಲ್ಲ, ಕತ್ತರಿಸಿದರು. ಉಳಿದ ಕೆಳಗಿನ ಟೊಂಗೆಯಲ್ಲಿ ನಾಲ್ಕು ಸುತ್ತು ಪೂರ್ತಿ ಒಳಗೆ ಹೋಗಿದ್ದವು. ಅವನ್ನು ಹೆಬ್ಬೆರಳಿನಿಂದ ಸವರಿ ನೋಡಿ ಕಟರ್ ಕೆಳಗಿಟ್ಟರು. “ಈ ತಂತಿ ಇನ್ನ ಗಿಡದ್ದ ಆತು” ಎಂದರು.

ಆಮೇಲೆ ಯಾರು ಕರೆದರೂ ತರಬೇತಿಗೆ ಹೋಗಲಿಲ್ಲ. ಹಿತ್ತಲಿಗೆ ಬಂದವರಿಗೆ ಇಲ್ಲ ಎನ್ನಲಿಲ್ಲ. ಹಲವು ವರ್ಷ ವಾರಕ್ಕೊಮ್ಮೆ ಹೋಗಿ ನಾನು ಕಲಿತೆ. ನನ್ನ ಸುತ್ತುಗಳ ಕೆಳಗೆ ಅವರ ಉಗುರು ಕೊನೆಗೂ ತೂರಿತು. ಅವರು ತೀರಿಕೊಳ್ಳುವ ಮುಂಚೆ ಆ ಬಸರಿಯನ್ನು ನನಗೆ ಕೊಡಬೇಕೆಂದು ಮಗಳಿಗೆ ಹೇಳಿದ್ದರು. ಯಾಕೆ ನನಗೆ ಎಂದು ನಾನು ಕೇಳಬೇಕಾಗಿರಲಿಲ್ಲ. ಅದು ಬಹುಮಾನವಲ್ಲ.

ಅವರು ತೀರಿಕೊಂಡ ದಿನ ಸಂಜೆ ಆ ಬಳಗದಿಂದ ಪ್ರಕಟಣೆ ಬಂತು. ತಮ್ಮ ಹಿರಿಯ ಸದಸ್ಯರ ಅಗಲಿಕೆಗೆ ಸಂತಾಪ, ಕೆಳಗೆ ಅದೇ ಅಧ್ಯಕ್ಷರ ಸಹಿ. ಚಾಚಾ ಒಂದು ದಿನವೂ ಅದರ ಸದಸ್ಯರಾಗಿರಲಿಲ್ಲ. ಆಗ ಕಚೇರಿ ನನ್ನ ಕೈಯಲ್ಲಿತ್ತು. ಪ್ರಕಟಣೆಯನ್ನು ಹರಿದು ಬುಟ್ಟಿಗೆ ಹಾಕಿದೆ. ಬೆಟಗೇರಿಗೆ ಹೋಗಿ ಮಗಳನ್ನು ಕೇಳಿ, ಹೆಸರಿನ ಒಂದೊಂದು ಅಕ್ಷರ ಬರೆಸಿಕೊಂಡು ಬಂದು ನಾಲ್ಕು ಸಾಲು ಬರೆದೆ: ಮೋಟರ್ ವೈಂಡಿಂಗ್ ಕೆಲಸಗಾರರು, ಬೋನ್ಸಾಯ್ ಬೆಳೆಸಿದವರು, ಕಲಿಸಿದವರು. ಅಲ್ಲಿ ಅವರ ಹೆಸರಿದೆ.

ಇಲ್ಲಿ ಹಾಕಿಲ್ಲ. ಇದು ತಕರಾರು. ನನ್ನದು.