ಪಾರವ್ವನ ಅಂಗಳದ ಕಲ್ಲುಪಾಟಿ

ನಮ್ಮ ಅಡುಗೆಮನೆಯಲ್ಲಿ ಮಜ್ಜಿಗೆ ಗಡಿಗೆಯ ಬಾಯಿಗೆ ಮುಚ್ಚಿರುವ ಕಲ್ಲುಪಾಟಿಯನ್ನು ನೀವೆಲ್ಲ ನೋಡಿದ್ದೀರಿ, ಮಕ್ಕಳೇ. ಅದರ ಒಂದು ಮೂಲೆ ಮುರಿದಿದೆ, ಸುತ್ತಲಿನ ಕಟ್ಟಿಗೆಯ ಚೌಕಟ್ಟು ಎಂದೋ ಕಳಚಿಹೋಗಿದೆ. "ಮನ್ಯಾಗ ಇಷ್ಟು ಸ್ಟೀಲಿನ ಮುಚ್ಚಳ ಇರೂವಾಗ ಇದ್ಯಾಕ ಅಜ್ಜಿ?" ಎಂದು ನೀವು ಕೇಳಿದಾಗಲೆಲ್ಲ, "ಭಾರ ಅದ, ಬೆಕ್ಕಿಗಿ ಸರಸಾಕ ಬರೂದಿಲ್ಲ" ಎಂದು ಹೇಳಿ ಜಾರಿಕೊಂಡಿದ್ದೇನೆ. ಅದು ಸುಳ್ಳಲ್ಲ, ಆದರೆ ಪೂರ್ತಿ ನಿಜವೂ ಅಲ್ಲ. ಎದುರಿಗೆ ಕುಳಿತು ಹೇಳಬೇಕೆಂದರೆ ನಾನು ಇಂದಿಗೂ ಏನೋ ನೆಪ ಮಾಡಿ ಎದ್ದುಬಿಡುತ್ತೇನೆ. ಬಳಪವೋ ಪೆನ್ನೋ ಕೈಯಲ್ಲಿದ್ದರೆ ಮಾತ್ರ ನಾನು ಸ್ವಲ್ಪ ಧೈರ್ಯಸ್ಥಳು. ಆದ್ದರಿಂದ ಬರೆಯುತ್ತಿದ್ದೇನೆ.

ಈ ಪಾಟಿ ನನ್ನ ತವರಿನದು. ಮಣ್ಣೂರಿನ ಶಾಲೆಯಲ್ಲಿ ನಾಲ್ಕನೆಯ ಇಯತ್ತೆಯವರೆಗೆ ಇದರ ಮೇಲೆ ಬರೆದೆ, ಹೊಳೆಯ ನೀರು ಹನಿಸಿ ಒರೆಸಿದೆ. ಮದುವೆಯಾಗಿ ಕಿಣ್ಣಿ ಸುಲ್ತಾನಕ್ಕೆ ಬರುವಾಗ ನನ್ನವ್ವ ಪಾತ್ರೆಗಳ ನಡುವೆ ಇದನ್ನೂ ಕಟ್ಟಿ ಕಳಿಸಿದಳು. ಬಂದ ಮನೆಯಲ್ಲಿ ಮೊದಲ ದಿನವೇ ಬಾಗಿಲಲ್ಲಿ ತಡೆದು ಗಂಡನ ಹೆಸರು ಹೇಳೆಂದರು. ಹೆಂಡತಿ ಗಂಡನ ಹೆಸರನ್ನು ಬರಿಬಾಯಲ್ಲಿ ಹೇಳಬಾರದು, ಒಡಪು ಕಟ್ಟಿ, ಪ್ರಾಸದ ಪಲ್ಲಕ್ಕಿಯಲ್ಲಿ ಕೂರಿಸಿಯೇ ಹೇಳಬೇಕು. ಇದು ನಮ್ಮ ಕಡೆಯ ಪದ್ಧತಿ. ನಾನು ಸೆರಗಿನೊಳಗೆ ಮುಖವಿಟ್ಟು ಎಷ್ಟು ಮೆಲ್ಲಗೆ ಹೇಳಿದೆನೆಂದರೆ, ಕೇಳಿಸಿದ್ದು ಪಕ್ಕದಲ್ಲಿ ನಿಂತ ನಿಮ್ಮಜ್ಜ ಒಬ್ಬರಿಗೇ. ಆರು ವರ್ಷಕ್ಕೆ, ನಿಮ್ಮಪ್ಪ ಇನ್ನೂ ನನ್ನ ತೊಡೆಯ ಮೇಲಿದ್ದಾಗ, ಅವರು ತೀರಿಕೊಂಡರು. ಆಮೇಲೆ ನನ್ನನ್ನು ಯಾರೂ ಒಡಪು ಕೇಳಲಿಲ್ಲ. ವಿಧವೆಯನ್ನು ಕೇಳುವ ರೂಢಿಯಿಲ್ಲ. ಆ ಹೆಸರು ನನ್ನ ನಾಲಿಗೆಯ ಹಿಂದೆ, ಮಡಿಸಿಟ್ಟ ಸೀರೆಯಂತೆ ಕುಳಿತುಬಿಟ್ಟಿತು.

ಊರಲ್ಲಿ ನನ್ನಂಥವಳು ಹಿಂಜರಿಯದೆ ಮುಂದಿನ ಸಾಲಿನಲ್ಲಿ ಕೂರಬಹುದಾದ ಜಾಗ ಒಂದೇ ಇತ್ತು. ಅದು ಪಾರವ್ವನ ಅಂಗಳ. ಪಾರವ್ವ ಜೋಗವ್ವ. ಹುಟ್ಟಿದಾಗ ಗಂಡುಮಗುವೆಂದು ತೊಟ್ಟಿಲು ಕಟ್ಟಿದ್ದರಂತೆ. ಮೀಸೆ ಚಿಗುರುವ ವಯಸ್ಸಿನಲ್ಲಿ ಆಕೆ ಸೀರೆಯುಟ್ಟು, ದೇವಿಗೆ ಒಪ್ಪಿಸಿಕೊಂಡ ಗುರುತಾಗಿ ಎಲ್ಲಮ್ಮನ ಮುತ್ತು ಕಟ್ಟಿಸಿಕೊಂಡು, ಹಳೆಯ ಹೆಸರನ್ನು ಹೊಳೆಗೆ ಬಿಟ್ಟು ಬಂದಳು. ಆಕೆ ಬಿಟ್ಟ ಹೆಸರನ್ನು ನಾನೂ ಇಲ್ಲಿ ಬರೆಯುವುದಿಲ್ಲ. ಎತ್ತರದ ಆಳು, ಮೂರು ಹೊಲ ದಾಟಿ ಕೇಳಿಸುವ ದನಿ, ಶೇಂಗಾ ಹೋಳಿಗೆ ತಟ್ಟಿದರೆ ಮಾತ್ರ ಕೈ ಹತ್ತಿಯಷ್ಟು ಹಗುರ. "ಜೋಗವ್ವನ ಕಡಿ ಹೋಗಿ ಬರ್ತೇನ್ರಿ ಅತ್ತಿ" ಎಂದರೆ ಯಾವ ಅತ್ತೆಯೂ ಬೇಡವೆನ್ನುತ್ತಿರಲಿಲ್ಲ. ದೇವಿಯ ಮನುಷ್ಯಳನ್ನು ಕಾಣಲು ಹೊರಟವಳನ್ನು ತಡೆದು ಪಾಪ ಕಟ್ಟಿಕೊಳ್ಳುವವರು ಯಾರು? ಹಾಗಾಗಿ ಸೊಸೆಯಂದಿರು, ತವರಿಗೆ ಮರಳಿ ಬಂದವರು, ನನ್ನಂಥ ವಿಧವೆಯರು ಎಲ್ಲ ಅಲ್ಲಿ ಕೌದಿ ಹೊಲಿಯುವ ನೆಪದಲ್ಲಿ ಸೇರುತ್ತಿದ್ದೆವು. ಗಂಡಸರ ಮಾತಿಗೆ ಊರ ಮುಂದಿನ ಕಟ್ಟೆಯಿತ್ತು. ನಮಗೊಂದು ಕಟ್ಟೆಯಿಲ್ಲವೆಂಬುದನ್ನು, ಎರಡೂ ಕಡೆ ಸೇರದವಳೆಂದು ಊರು ತಿಳಿದಿದ್ದ ಒಬ್ಬಳು ತನ್ನ ಅಂಗಳ ಗುಡಿಸಿಟ್ಟು ಮರೆಸಿಬಿಟ್ಟಿದ್ದಳು.

ಇಂಥ ಪಾರವ್ವನಿಗೂ ಒಂದು ಮುಳ್ಳು ನೆಟ್ಟಿತ್ತು. ಹಿಂದೊಂದು ಚುನಾವಣೆಯಲ್ಲಿ ಮತದಾರರ ಯಾದಿಯಲ್ಲಿ ಆಕೆಯ ಹಳೆಯ ಹೆಸರೇ ಇದ್ದದ್ದರಿಂದ ಗಂಡಸರ ಸಾಲಿನಲ್ಲಿ ನಿಲ್ಲಿಸಿದರು. ಹಿಂದೆ ಮುಂದೆ ನಿಂತವರು ಸೆರಗು ಜಗ್ಗಿದರು, ಸಿಳ್ಳೆ ಹಾಕಿದರು. ಆಕೆ ಓಟು ಹಾಕದೆ ತಿರುಗಿ ಬಂದು, ಅಂಗಳದಲ್ಲಿ ಕುಳಿತು ಹೇಳಿದ್ದು ನನಗೆ ನೆನಪಿದೆ: "ಹಾಕಿದರ ಹೆಣ್ಮಕ್ಕಳ ಸಾಲಿನಾಗ ನಿಂತ ಹಾಕ್ತೇನಿ ಬೇ. ಇಲ್ಲಂದರ ಈ ಜಲ್ಮದಾಗ ಓಟ ಬ್ಯಾಡ."

ಮಂಡಲ ಪಂಚಾಯ್ತಿಯ ಚುನಾವಣೆ ಬರುತ್ತದೆಂದಾಗ ಹೊಸ ಯಾದಿ ಬರೆಯುವ ಕೆಲಸ ಶಾಲೆಯ ಮಾಸ್ತರರ ಕೊರಳಿಗೆ ಬಿತ್ತು. ಅವರು ಮನೆಮನೆಗೆ ಹೋಗಿ ಬಾಗಿಲಲ್ಲಿ ನಿಂತು ಗಂಡನ ಹೆಸರು ಕೇಳಿದರೆ ಹೆಂಗಸರು ಸೆರಗು ಕಚ್ಚಿಕೊಂಡು ಒಳಗೆ ಓಡುವರು. ಒಬ್ಬಳು ಗಂಡನ ಹೆಸರು ಹೇಳಲಾಗದೆ ಎತ್ತನ್ನು ತೋರಿಸಿದಳಂತೆ. ಅವನ ಹೆಸರು ಬಸವಣ್ಣಪ್ಪ. ಮೂರು ದಿನ ಅಲೆದು ಸಾಕಾಗಿ ಮಾಸ್ತರರು ನಮ್ಮ ಮನೆಗೆ ಬಂದರು. "ಗಂಗವ್ವ, ನೀ ಓದು ಬರಹ ಬಲ್ಲಾಕಿ. ಹೆಣ್ಮಕ್ಕಳ ಹೆಸರು ನೀ ಬರಕೊಡವಾ, ನಾ ಕಾಗದಕ್ಕ ಇಳಸ್ತೇನಿ" ಎಂದರು. ನಾನು ಪಾಟಿ ಹಿಡಿದು ಪಾರವ್ವನ ಅಂಗಳಕ್ಕೆ ಹೋದೆ. ಅಲ್ಲದೆ ಮತ್ತೆಲ್ಲಿಗೆ ಹೋಗಲಿ?

ಆ ಮಧ್ಯಾಹ್ನವನ್ನು ನೆನೆದರೆ ಇಂದಿಗೂ ನನ್ನ ಹೊಟ್ಟೆಯೊಳಗೆ ನಗೆ ಕುಣಿಯುತ್ತದೆ. ಪಾಟಿಯ ಮೇಲೆ ಮೂರು ಖಾನೆ ಎಳೆದೆ: ಹೆಸರು, ಗಂಡನ ಅಥವಾ ತಂದೆಯ ಹೆಸರು, ಗಂಡೋ ಹೆಣ್ಣೋ. ಎರಡನೆಯ ಖಾನೆಗೆ ಬಂದ ಕೂಡಲೆ ಸರಕಾರದ ಕೆಲಸ ಮದುವೆಮನೆಯಾಯಿತು.

"ತೊಗರಿ ಹೊಲಕ್ಕ ಬಂದಾವ ಗಿಳಿಗಳ ಗುಂಪ, ಹೋ ಅಂತ ಓಡಸಾಕ ಬರ್ತಾನ ನಮ್ಮ ಮಲ್ಲಪ್ಪ" ಎಂದು ಶಾಂತವ್ವ ಹೇಳಿದರೆ, "ಗಿಳಿ ಓಡಸ್ತಾನೋ, ಗಿಳಿ ನೋಡ್ಕೋತ ನಿಂದರ್ತಾನೋ ಖರೆ ಹೇಳಲೇ" ಎಂದು ಪಾರವ್ವ ಕೆಣಕುವಳು. ಎಪ್ಪತ್ತು ದಾಟಿದ ಮುದುಕಿಯರೂ ಹೊಸ ಮದುವಣಗಿತ್ತಿಯರಂತೆ ಕೆನ್ನೆ ಕೆಂಪಗೆ ಮಾಡಿಕೊಂಡು ಹೆಸರು ಹೇಳಿದರು. ಪಾಟಿ ತುಂಬಿದಾಗಲೆಲ್ಲ ನಾನು ಕಾಗದದ ಚೂರಿಗೆ ಇಳಿಸಿಕೊಂಡು ಒರೆಸಿ ಮತ್ತೆ ಬರೆಯುತ್ತಿದ್ದೆ.

ಕೊನೆಗೆ ಎಲ್ಲರೂ ಪಾರವ್ವನ ಕಡೆ ತಿರುಗಿದರು. "ನಿನ್ನ ಗಂಡನ ಹೆಸರ ಹೇಳಬೇ ಪಾರವ್ವ!" ಆಕೆ ನಿಜಕ್ಕೂ ನಾಚಿದಳು. ಅಷ್ಟು ದೊಡ್ಡ ದನಿಯವಳು ಸಣ್ಣ ದನಿಯಲ್ಲಿ ಹೇಳಿದಳು: "ಉಟ್ಟೇನಿ ಹಸರ ಸೀರಿ, ಇಟ್ಟೇನಿ ಕುಂಕುಮ, ಸಾಯೂತನಕ ನನ್ನ ಕೈ ಬಿಡದಾಕಿ ಎಲ್ಲಮ್ಮ."

ಎರಡನೆಯ ಖಾನೆಯಲ್ಲಿ ಎಲ್ಲಮ್ಮ ಎಂದು ಬರೆದೆ. ಬಳಪ ಮೂರನೆಯ ಖಾನೆಗೆ ಬಂತು. ಉಳಿದವರಿಗೆ ಆ ಖಾನೆಯನ್ನು ನಾನು ಕೇಳದೆಯೇ ತುಂಬಿದ್ದೆ. ಇವಳೊಬ್ಬಳನ್ನು ಕೇಳಿದರೆ ಅದೇ ಒಂದು ಗಾಯ. ದಿನಾ ಕಣ್ಣೆದುರಿಗೆ ಕಂಡದ್ದನ್ನು ಬರೆದೆ. "ಏನ ಬರದಿ?" ಎಂದಳು. "ಹೆಣ್ಣು" ಎಂದು ಓದಿ ಹೇಳಿದೆ. ಆಕೆಗೆ ಅಕ್ಷರ ಬರುತ್ತಿರಲಿಲ್ಲ. ಬೆರಳಿನಿಂದ ಆ ಅಕ್ಷರಗಳನ್ನು ಸವರಿದಳು, ಅಳಿಸಿಹೋದವು. "ಅಯ್ಯ, ಮತ್ತ ಬರಿ! ದಪ್ಪಗ ಬರಿ!" ಎಂದಳು. ಮತ್ತೆ ಬರೆದೆ. ಪಾಟಿಯನ್ನು ತಲೆಯ ಮೇಲೆ, ದೇವಿಯ ಮೂರ್ತಿಯಿರುವ ಜಗದ ಬುಟ್ಟಿ ಹೊತ್ತಂತೆ ಹೊತ್ತು ಅಂಗಳ ಸುತ್ತಿ ಕುಣಿದಳು, ಬಾಗಿಲ ಚೌಕಟ್ಟಿಗೆ ತಾಗಿಸಿದಳು. ಮೂಲೆ ಮುರಿದದ್ದು ಆಗಲೇ.

ಮಾಸ್ತರರು ಯಾದಿ ನೋಡಿ ಕನ್ನಡಕ ಒರೆಸಿಕೊಂಡರು. "ಗಂಡನ ಹೆಸರು ಎಲ್ಲಮ್ಮ ಅಂದರ ಹೆಂಗವಾ?"

"ಅಕಿ ಹಂಗ ಹೇಳ್ಯಾಳ್ರಿ."

ಅವರು ಕನ್ನಡಕ ಏರಿಸಿಕೊಂಡು, "ಹೇಳಿದ್ದ ಬರಕೋರಿ ಅಂತನೇ ಹುಕುಂ ಅದ" ಎಂದು ಹಾಗೆಯೇ ಇಳಿಸಿಕೊಂಡರು.

ಮತದಾನದ ದಿನ ಪಾರವ್ವ ಹಸಿರು ಸೀರೆಯುಟ್ಟು ಹೆಂಗಸರ ಸಾಲಿನಲ್ಲಿ ನಿಂತಳು. ಅವಳ ಬೆನ್ನಿಗೆ ನಾನಿದ್ದೆ. ಒಳಗೆ ಒಬ್ಬ ಅಭ್ಯರ್ಥಿಯ ಕಡೆಯ ಏಜೆಂಟಾಗಿ ಕುಳಿತಿದ್ದವರು ಶರಣಪ್ಪ ಭಾವ, ನಿಮ್ಮಜ್ಜನ ದೊಡ್ಡಪ್ಪನ ಮಗ. ಅವರೆದುರು ನಾನು ಸೆರಗು ಸರಿಸಿ ಒಂದು ಮಾತನ್ನೂ ಆಡಿದವಳಲ್ಲ. ಪಾರವ್ವ ಒಳಗೆ ಕಾಲಿಟ್ಟದ್ದೇ ಭಾವ ಎದ್ದು ನಿಂತರು.

"ತಕರಾರು ಅದ ಸಾಹೇಬ್ರ. ಇದು ಗಂಡಾಳು. ಗಂಡನ ಹೆಸರು ಎಲ್ಲಮ್ಮ ಅಂತ! ಇಂಥಾ ಯಾದಿ ಯಾಂವ ಬರದಾನ? ಇದರ ಓಟ ನಡ್ಯೂದಿಲ್ಲ."

ಮತಗಟ್ಟೆಯ ಸಾಹೇಬರು ಜೇವರ್ಗಿ ಕಡೆಯವರು, ಸಮಾಧಾನದ ಮನುಷ್ಯ. "ಯಾದ್ಯಾಗ ಹೆಣ್ಣು ಅಂತದ. ಆದರ ತಕರಾರು ಬಂತಂದರ ಇವರನ್ನ ಬಲ್ಲವರೊಬ್ಬರು ಸಾಕ್ಷಿ ಹೇಳಬೇಕಾಗ್ತದ. ಇದನ್ನ ಬರದವರು ಯಾರು?" ಎಂದರು.

ಪಾರವ್ವ ನನ್ನ ಕಡೆ ತಿರುಗಲಿಲ್ಲ. ಆಕೆಗೆ ನನ್ನ ಅಂಜಿಕೆ ಗೊತ್ತಿತ್ತು. ನನ್ನನ್ನು ಸಿಕ್ಕಿಸುವ ಬದಲು ಓಟನ್ನೇ ಬಿಟ್ಟು ಹೋಗಲು ಅವಳ ಹಿಮ್ಮಡಿ ಆಗಲೇ ಅರ್ಧ ತಿರುಗಿತ್ತು. ಆ ಅರ್ಧ ತಿರುಗಿದ ಹಿಮ್ಮಡಿಯನ್ನು ನೋಡಿದ್ದೇ ನನ್ನ ಬಾಯಿ ತೆರೆಯಿತು.

"ನಾ ಬರದೇನ್ರಿ."

ಕೋಣೆಯಲ್ಲಿದ್ದವರೆಲ್ಲ ನನ್ನನ್ನು ನೋಡಿದರು. "ನಾ ಬಲ್ಲೇನ್ರಿ ಇಕಿನ್ನ. ನಮ್ಮ ಪಾರವ್ವ. ಹೆಣ್ಮಗಳು."

"ನಿಮ್ಮ ಹೆಸರು ಹೇಳ್ರಿ. ಗಂಡನ ಹೆಸರೂ ಹೇಳ್ರಿ, ಯಾದ್ಯಾಗ ನೋಡ್ತೇನಿ" ಎಂದರು ಸಾಹೇಬರು.

ಗಂಗವ್ವ ಎಂದೆ. ಮುಂದಿನದು ಬರಲಿಲ್ಲ. ಬರಿಬಾಯಲ್ಲಿ ಹೇಳುವಂತಿಲ್ಲ, ವಿಧವೆ ಒಡಪು ಹೇಳುವಂತಿಲ್ಲ. ಎರಡೂ ಬಾಗಿಲು ಮುಚ್ಚಿದ ಓಣಿಯಲ್ಲಿ ನಿಂತಂತಾಯಿತು. ಆಗ ಪಾರವ್ವ ಮೆಲ್ಲಗೆ, ಅಂಗಳದಲ್ಲಿ ಕೆಣಕುವ ಅದೇ ದನಿಯಲ್ಲಿ, "ಹೇಳಬೇ ಗಂಗಿ, ನಮ್ಮ ಮಾವಾಗ ಕೇಳಸೂಹಂಗ" ಎಂದಳು. ಆಕೆ ಮಾವ ಎನ್ನುತ್ತಿದ್ದದ್ದು ನಿಮ್ಮಜ್ಜನನ್ನು.

ಹೇಳಿದೆ. ಸೆರಗಿನ ಹೊರಗೆ ಮುಖವಿಟ್ಟು ಹೇಳಿದೆ.

"ಮಣ್ಣೂರ ಹೊಳಿದಂಡಿ ಬಿಟ್ಟ ಬಂದೇನಿ ದೂರ, ನನ್ನ ಕೈಹಿಡದ ನಡಸಿದಾಂವ ಭೀಮಾಶಂಕರ."

ಹೊರಗಿನ ಸಾಲಿನಿಂದ ಹೆಂಗಸರು ಹೋ ಎಂದು ಚಪ್ಪಾಳೆ ತಟ್ಟಿದರು. ಸಾಹೇಬರು ನಕ್ಕರು. ನಾನು ನೋಡಿದ್ದು ಭಾವನ ಮುಖವನ್ನು. ತಮ್ಮನ ಹೆಸರು ಕಿವಿಗೆ ಬಿದ್ದು ಅವರು ನಿಧಾನವಾಗಿ ಕುರ್ಚಿಯಲ್ಲಿ ಕುಳಿತರು, ಟೋಪಿ ತೆಗೆದು ಮೊಣಕಾಲ ಮೇಲಿಟ್ಟುಕೊಂಡರು. "ಎಷ್ಟು ವರ್ಷಾತು ಈ ಹೆಸರ ಯಾರೂ ತಗದು... ತಕರಾರು ಇಲ್ಲ ಬಿಡ್ರಿ ಸಾಹೇಬ್ರ. ನಮ್ಮ ಭೀಮ್ಯಾನ ಮನ್ಯಾಕಿ ಹೇಳಿದ ಮ್ಯಾಲ ಮುಗೀತು" ಎಂದರು.

ಪಾರವ್ವ ಓಟು ಹಾಕಿ ಶಾಯಿ ಹಚ್ಚಿದ ಬೆರಳನ್ನು ಒಂದು ವಾರ ತೊಳೆಯದೆ ಎತ್ತಿಕೊಂಡು ತಿರುಗಿದಳು. ರೊಟ್ಟಿಯನ್ನು ಒಂದೇ ಕೈಯಲ್ಲಿ ಬಡಿದಳೆಂದು ನಾವು ಇಂದಿಗೂ ನಗುತ್ತೇವೆ. ಅದೇ ಚುನಾವಣೆಗೆ ನಿಂತು ಆರಿಸಿ ಬಂದ ಶಾಂತವ್ವ ಪಂಚಾಯ್ತಿಗೆ ಹೋಗುವ ಮುನ್ನ ಏನು ಕೇಳಬೇಕೆಂದು ಆ ಅಂಗಳದಲ್ಲೇ ನಮ್ಮನ್ನು ಕೂರಿಸಿ ಕೇಳುತ್ತಿದ್ದಳು. ಬೋರಿಂಗಿನ ಕೈಪಂಪು ಆ ಮನೆಯ ಮುಂದೆ ಬಂದದ್ದು ಹಾಗೆ. ರಾಜಕೀಯವೆಂದರೆ ಎಲ್ಲೋ ದೊಡ್ಡ ಊರಲ್ಲಿ ನಡೆಯುವ ಸಂಗತಿಯೆಂದು ನಾನು ತಿಳಿದಿದ್ದೆ. ಯಾರು ಯಾವ ಸಾಲಿನಲ್ಲಿ ನಿಲ್ಲಬೇಕು, ಯಾರ ಅಂಗಳದಲ್ಲಿ ಯಾರು ಕೂರಬಹುದು, ಯಾರ ಹೆಸರನ್ನು ಯಾರು ಗಟ್ಟಿಯಾಗಿ ಹೇಳಬಹುದು ಎಂಬುದೂ ಅದೇ ಎಂದು ನನಗೆ ಕಲಿಸಿದವಳು ಅಕ್ಷರ ಬಾರದ ಪಾರವ್ವ. ಆಕೆಗೆ ನಾನೊಂದು ಖಾನೆ ತುಂಬಿಕೊಟ್ಟೆನೆಂದು ಊರವರು ಹೇಳುತ್ತಾರೆ. ನನ್ನ ನಾಲಿಗೆಯ ಹಿಂದಿನ ಖಾನೆಯನ್ನು ಆಕೆ ತೆರೆದದ್ದು ಅವರಿಗೆ ಗೊತ್ತಿಲ್ಲ.

ಮುಂದಿನ ಮಳೆಗಾಲದಲ್ಲಿ ಆಕೆ ನನ್ನ ಹತ್ತಿರ ತನ್ನ ಹೆಸರು ಬರೆಯಲು ಕಲಿತಳು. ಬಳಪದ ಬರಹ ಅಳಿಸಿಹೋಗುತ್ತದೆಂದು ಸಿಟ್ಟಾಗಿ, ಮೊಳೆಯಿಂದ ಪಾಟಿಯ ಮೇಲೆ ಕೊರೆದಳು. ಪಾರವ್ವ ಈಗಿಲ್ಲ. ನಾಳೆ ಮಜ್ಜಿಗೆ ಬೇಕಾದಾಗ ಪಾಟಿಯನ್ನು ತಿರುವಿ, ಸ್ವಲ್ಪ ನೀರು ಹನಿಸಿ ನೋಡಿ. ಸೊಟ್ಟಗಿರುವ ಮೂರು ಅಕ್ಷರ ಆಕೆಯವು. ಕೆಳಗಿರುವ ಹೆಸರು ನಿಮ್ಮಜ್ಜನದು. ಅದನ್ನು ಕೊರೆದವಳು ನಾನು. ಎರಡನ್ನೂ ಓದಿ, ಗಟ್ಟಿಯಾಗಿ ಓದಿ. ನಾಚಬೇಡಿ, ನಿಮ್ಮೆಲ್ಲರ ಪಾಲಿನದನ್ನೂ ಸೇರಿಸಿ ನಾನೊಬ್ಬಳೇ ನಾಚಿ ಮುಗಿಸಿದ್ದೇನೆ.