ಭಟ್ಕಳದ ಮನೆಯ ನಂಬರು

ಸೌದಿಯ ಹಾಯಿಲ್ ಬಸ್ ನಿಲ್ದಾಣ. ದೊಡ್ಡ ಬುದ್ಧಿವಂತನ ಹಾಗೆ ಇ-ಸಿಮ್ ಅನ್ನು ಮಂಗಳೂರಲ್ಲೇ ಕೊಂಡಿದ್ದೆ. ಅದನ್ನು ಫೋನಿಗೆ ಇಳಿಸಿಕೊಳ್ಳಲೂ ಇಂಟರ್ನೆಟ್ ಬೇಕೆಂದು ತಿಳಿದದ್ದು ಇಲ್ಲಿ ಬಂದಮೇಲೆ. ನನ್ನ ಗೊಣಗಾಟದ ಕನ್ನಡ ಕೇಳಿಸಿ, ಚಹಾದಂಗಡಿಯ ಭಟ್ಕಳದ ಹಿರಿಯರು ತಮ್ಮ ಫೋನಿನ ಹಾಟ್‌ಸ್ಪಾಟ್ ಹಾಕಿದರು.

“ಪಾಸ್‌ವರ್ಡ್ ಹೇಳ್ತೇನೆ, ಒತ್ತಿ,” ಎಂದು ಒಂದೊಂದೇ ಅಂಕಿ ಹೇಳತೊಡಗಿದರು. ಮೊದಲ ಅಂಕಿಗಳು ಭಟ್ಕಳದ ಎಸ್‌ಟಿಡಿ ಕೋಡ್.

“ಇದು ಲ್ಯಾಂಡ್‌ಲೈನ್ ನಂಬರಲ್ವಾ?” ಎಂದೆ.

“ನಮ್ಮ ಮನೇದು. ವಾರ ವಾರ ಇಲ್ಲಿಂದ ಫೋನ್ ಮಾಡ್ತಿದ್ದೆ, ಅಮ್ಮ ಎತ್ತುತ್ತಿದ್ದರು. ಅವರು ಹೋದಮೇಲೆ ಲೈನ್ ತೆಗೆಸಿದೆವು ಮಾರಾಯ್ರೆ. ಯಾರಾದ್ರೂ ಒತ್ತುತ್ತಾ ಇರ್ಲಿ ಅಂತ ಪಾಸ್‌ವರ್ಡ್ ಮಾಡಿ ಇಟ್ಕೊಂಡಿದ್ದೇನೆ.”

ಕೊನೆಯ ಅಂಕಿ ತಪ್ಪಾಗಿ ಒತ್ತಿಬಿಟ್ಟೆ. ಅವರು ಬೇಸರಿಸಲಿಲ್ಲ. ಮತ್ತೆ ಮೊದಲಿನಿಂದ, ಈ ಸಲ ಇನ್ನೂ ನಿಧಾನವಾಗಿ ಹೇಳಿದರು.