ಬೂತಿನ ಅಕ್ಕನ ನಾಡಿ

ಹೊನ್ನಾವರ ಬಸ್‌ನಿಲ್ದಾಣದ ಎದುರು ಎಸ್‌ಟಿಡಿ ಬೂತ್ ನಡೆಸುತ್ತಿದ್ದ ಅಕ್ಕ ಗಾಲಿಕುರ್ಚಿಯಲ್ಲೇ ಕುಣಿಯುತ್ತಿದ್ದಳು. ದಿನವಿಡೀ ಊರವರು ಮುಂಬಯಿ, ದುಬೈಗೆ ಮಾತಾಡುವುದನ್ನು ಕೇಳುತ್ತ ಕೂರುವವಳು, ಸಂಜೆ ಬೂತಿನ ಹಿಂದಿನ ಸಿಮೆಂಟು ಅಂಗಳದಲ್ಲಿ ನೃತ್ಯಸ್ಪರ್ಧೆಗೆ ಅಭ್ಯಾಸ ಮಾಡುವಳು. ಚಕ್ರ ತಿರುಗಿಸಿ ತಿರುಗಿಸಿ ತೋಳು ನಡುಗುತ್ತಿರುವಾಗಲೇ, ಪಕ್ಕದ ಮನೆಯ ನರ್ಸ್ ಆಗಿದ್ದ ನನ್ನತ್ತ ಬೆವರಿದ ಕೈ ಚಾಚುವಳು.

“ಎಷ್ಟಾತೆ?”

ನಾನು ಗಡಿಯಾರ ನೋಡಿ ನಾಡಿ ಎಣಿಸುತ್ತಿದ್ದೆ. ನೂರೈವತ್ತು ದಾಟಿತೆಂದರೆ ಅವಳಿಗೆ ನಗು.

ಸ್ಪರ್ಧೆ ಮುಗಿಯಿತು. ಬಹುಮಾನ ಬರಲಿಲ್ಲ, ಅಭ್ಯಾಸವೂ ನಿಂತಿತು. ವಾರ ಕಳೆದು ಬೂತಿಗೆ ಹೋದರೆ ಬೆವರಿಲ್ಲದ ಕೈ ಮುಂದೆ ಬಂತು.

“ಇವತ್ತು ಕುಣಿಲೇ ಇಲ್ವಲ್ಲ ಅಕ್ಕ?”

“ಇರ್ಲಿ, ಎಣ್ಸೆ.”

ಎಣಿಸಿದೆ. ಎಪ್ಪತ್ತೆರಡು.

“ಎಷ್ಟಾತೆ?”

“ಮಧ್ಯದಲ್ಲಿ ತಪ್ಪೋಯ್ತು ಅಕ್ಕ, ಮತ್ತೊಂದ್ಸಲ ಎಣಿಸ್ತೆ” ಎಂದೆ. ಕೈ ಬಿಡಲಿಲ್ಲ.